ಮಡಿಕೆಯೂ ರೂಪರೇಖೆಯೂ: ದೀರ್ಘ ಬರಹವನ್ನು ಮಡಿಸಿ ತೋರಿಸುವ ಗಣಕಸಾಧನಗಳ ಇತಿಹಾಸ

೧

ಅಚ್ಚಾದ ಪುಸ್ತಕವೊಂದನ್ನು ಕೈಗೆತ್ತಿಕೊಂಡವನಿಗೆ ಓದುವ ಮುನ್ನವೇ ಕೆಲವು ಸಂಗತಿಗಳು ತಿಳಿದುಬಿಡುತ್ತವೆ. ಅದರ ದಪ್ಪವೆಷ್ಟು, ತೆರೆದ ಪುಟ ಆದಿಗೆ ಸಮೀಪವೋ ಅಂತ್ಯಕ್ಕೆ ಸಮೀಪವೋ, ಬೇಕಾದ ಪ್ರಕರಣಕ್ಕೆ ಇನ್ನೆಷ್ಟು ಹಾಳೆ ತಿರುವಬೇಕು ಎಂಬುದನ್ನು ಕೈಬೆರಳುಗಳೇ ಹೇಳುತ್ತವೆ. ಗಣಕಯಂತ್ರದ ತೆರೆಯ ಮೇಲೆ ಈ ಸೌಕರ್ಯವಿಲ್ಲ. ೧೯೭೮ರಲ್ಲಿ ಹೊರಬಂದು ಬಹುಕಾಲ ಮಾದರಿಯಾಗಿ ನಿಂತ ವಿ.ಟಿ. ೧೦೦ ಎಂಬ ಟರ್ಮಿನಲ್ಲಿನಲ್ಲಿ ಸಾಲೊಂದಕ್ಕೆ ೮೦ ಅಕ್ಷರಗಳಂತೆ ೨೪ ಸಾಲುಗಳು ಮಾತ್ರ ಕಾಣುತ್ತಿದ್ದವು. ಐದು ಸಾವಿರ ಸಾಲುಗಳ ಬರಹವೊಂದು ಇದರಲ್ಲಿ ಇನ್ನೂರಕ್ಕೂ ಮಿಕ್ಕಿದ ತುಂಡುಗಳಾಗಿ ಹೋಗುತ್ತದೆ. ಅದನ್ನು ಓದುವುದೆಂದರೆ ಗೋಡೆಯ ಕಿಂಡಿಯಿಂದ ತೇರನ್ನು ನೋಡಿದಂತೆ. ಗಾಲಿ ಕಂಡಾಗ ಕಳಶ ಕಾಣದು, ಕಳಶ ಕಂಡಾಗ ಗಾಲಿ ಕಾಣದು.

ಈ ಕೊರತೆಗೆ ಗಣಕಶಾಸ್ತ್ರಜ್ಞರು ಕಂಡುಕೊಂಡ ಪರಿಹಾರಗಳಲ್ಲಿ ಮುಖ್ಯವಾದುದು ಮಡಿಕೆ. ಬರಹವನ್ನು ಅಧ್ಯಾಯ, ಪ್ರಕರಣ, ಉಪಪ್ರಕರಣಗಳೆಂದು ಗುರುತಿಸಿಟ್ಟರೆ, ಎಡಿಟರ್ ಎಂಬ ತಂತ್ರಾಂಶವು ತಲೆಬರಹಗಳನ್ನು ಮಾತ್ರ ತೆರೆಯ ಮೇಲೆ ಉಳಿಸಿ ಮಿಕ್ಕದ್ದನ್ನು ಮರೆಮಾಡುತ್ತದೆ. ಬೇಕೆಂದಾಗ ಒಂದೊಂದನ್ನೇ ಬಿಚ್ಚಿ ತೋರಿಸುತ್ತದೆ. (‘ಸಂಪಾದಕ’ ಎಂದರೆ ಪತ್ರಿಕೆಯ ಸಂಪಾದಕರ ನೆನಪಾಗುವುದು ಸಹಜವಾದ್ದರಿಂದ ಎಡಿಟರ್ ಎಂಬ ರೂಢಿಯ ಶಬ್ದವನ್ನೇ ಇಲ್ಲಿ ಉಳಿಸಿಕೊಂಡಿದೆ.) ಮರೆಯಾದ ಭಾಗ ಅಳಿಸಿಹೋಗಿರುವುದಿಲ್ಲ. ತಲೆಬರಹವನ್ನು ಸ್ಥಳಾಂತರಿಸಿದರೆ ಅದರ ಅಡಿಯಲ್ಲಿರುವುದೆಲ್ಲವೂ ಅದರೊಡನೆಯೇ ಚಲಿಸುತ್ತದೆ. ಈ ಸಾಧನದ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ಕನ್ನಡದಲ್ಲಿ ದೀರ್ಘ ಬರಹಗಳನ್ನು ಸಿದ್ಧಪಡಿಸುವ ನಮ್ಮಂತಹವರು ಕಲಿಯತಕ್ಕದ್ದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮಡಿಸಿಡುವ ಬರಹವು ಕನ್ನಡಿಗರಿಗೆ ಹೊಸದಲ್ಲ. ಹುಣಿಸೆಬೀಜದ ಸರಿಗೆ ಇದ್ದಿಲಪುಡಿ ಬೆರೆಸಿ ಬಟ್ಟೆಗೆ ಬಳಿದು, ಗಟ್ಟಿಯಾದ ಆ ಕಪ್ಪು ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ‘ಕಡತ’ವನ್ನು ನಮ್ಮ ವರ್ತಕರೂ ಮಠಗಳೂ ಬಳಸುತ್ತಿದ್ದುದುಂಟು. ಶೃಂಗೇರಿ ಮಠದ ಕಡತಗಳು ಇತಿಹಾಸಜ್ಞರಿಗೆ ಪರಿಚಿತವಾದವುಗಳೇ. ಆ ಶಬ್ದವೇ ತರುವಾಯ ಕಚೇರಿಯ ಫೈಲಿಗೂ, ಈಚೆಗೆ ಗಣಕಯಂತ್ರದ ಫೈಲಿಗೂ ಸಲ್ಲುತ್ತಿದೆ. ಆದರೆ ಸಾಮ್ಯವು ಇಲ್ಲಿಗೇ ಮುಗಿಯುತ್ತದೆ. ಕಡತದ ಮಡಿಕೆ ಬೀಳುವುದು ಬಟ್ಟೆಯ ಅಳತೆಯನ್ನು ಅನುಸರಿಸಿ. ಲೆಕ್ಕದ ನಡುವೆ ಬಂದರೂ ಅದು ಅಲ್ಲಿಯೇ ಬೀಳುತ್ತದೆ. ಗಣಕದ ಮಡಿಕೆಯಾದರೋ ಅರ್ಥವನ್ನು ಅನುಸರಿಸಿ ಬೀಳಬೇಕಾದದ್ದು. ಹಾಗೆ ಬೀಳಬೇಕಾದರೆ ಎಲ್ಲಿ ಒಂದು ವಿಷಯ ಮುಗಿದು ಇನ್ನೊಂದು ಮೊದಲಾಯಿತೆಂಬುದನ್ನು ಯಾರಾದರೂ ನಿಶ್ಚಯಿಸಿರಬೇಕು, ಆ ನಿಶ್ಚಯವು ಎಲ್ಲಿಯಾದರೂ ದಾಖಲಾಗಿರಬೇಕು. ಆದುದರಿಂದ ಮುಂದೆ ಬರುವ ಪ್ರತಿಯೊಂದು ಸಾಧನವನ್ನೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಮಡಿಕೆಯ ಜಾಗವನ್ನು ನಿಶ್ಚಯಿಸಿದವರು ಯಾರು? ಆ ನಿಶ್ಚಯ ದಾಖಲಾಗಿರುವುದೆಲ್ಲಿ? ಮುಚ್ಚಿದ ಮಡಿಕೆಯು ತಾನು ಎಷ್ಟನ್ನು ಮುಚ್ಚಿಕೊಂಡಿದ್ದೇನೆಂದು ಓದುವವನಿಗೆ ಹೇಳುತ್ತದೆಯೆ?

೨

ಈ ಇತಿಹಾಸವು ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರನಿಂದ ಆರಂಭವಾಗುತ್ತದೆ. ೧೯೨೫ರಲ್ಲಿ ಜನಿಸಿದ ಈತ ಎರಡನೆಯ ಮಹಾಯುದ್ಧ ಮುಗಿದ ಸಮಯದಲ್ಲಿ ನೌಕಾಪಡೆಯ ರೇಡಾರ್ ತಂತ್ರಜ್ಞನಾಗಿ ಫಿಲಿಪೀನ್ಸಿನಲ್ಲಿದ್ದಾಗ, ವನ್ನೆವರ್ ಬುಷ್ ಎಂಬ ವಿಜ್ಞಾನಿ ೧೯೪೫ರಲ್ಲಿ ಪ್ರಕಟಿಸಿದ್ದ ಪ್ರಬಂಧವನ್ನು ಓದಿದನು. ಮನುಷ್ಯನು ಸಂಗ್ರಹಿಸಿದ ಜ್ಞಾನವು ಬೆಟ್ಟದಂತೆ ಬೆಳೆಯುತ್ತಿದೆ, ಅದರಲ್ಲಿ ಬೇಕಾದುದನ್ನು ಹುಡುಕಿ ತೆಗೆಯುವ ಉಪಾಯ ಮಾತ್ರ ಬೆಳೆದಿಲ್ಲ ಎಂಬುದು ಬುಷ್‌ನ ಅಳಲು. ಅದೇ ಚಿಂತೆಯನ್ನು ಮುಂದುವರಿಸಿದ ಎಂಗೆಲ್‌ಬಾರ್ಟ್ ೧೯೬೨ರಲ್ಲಿ, ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿದ್ದಾಗ, ಮನುಷ್ಯನ ಬುದ್ಧಿಶಕ್ತಿಯನ್ನು ವರ್ಧಿಸುವ ಸಾಧನಗಳನ್ನು ಕುರಿತು ದೀರ್ಘವಾದ ವರದಿಯೊಂದನ್ನು ಬರೆದನು. ಆ ವರದಿಯ ಆಧಾರದ ಮೇಲೆ ಆತನೂ ಆತನ ಸಂಗಡಿಗರೂ ಕಟ್ಟಿದ ವ್ಯವಸ್ಥೆಯೇ ಎನ್.ಎಲ್.ಎಸ್.

ಈ ವ್ಯವಸ್ಥೆಯಲ್ಲಿ ಬರಹವೆಂಬುದು ಉದ್ದಕ್ಕೆ ಸಾಗುವ ಸಾಲುಗಳ ಮಾಲೆಯಾಗಿರಲಿಲ್ಲ. ಪ್ರತಿಯೊಂದು ವಾಕ್ಯವೃಂದವೂ ಒಂದು ‘ಹೇಳಿಕೆ’. ಪ್ರತಿಯೊಂದು ಹೇಳಿಕೆಗೂ ಮೇಲುಕೀಳಿನ ಸ್ಥಾನವುಂಟು, ಸ್ಥಾನಕ್ಕೆ ತಕ್ಕ ಸಂಖ್ಯೆಯುಂಟು. ಒಂದನೆಯದರ ಅಡಿಯಲ್ಲಿ ೧ಎ, ಅದರ ಅಡಿಯಲ್ಲಿ ೧ಎ೧ ಎಂಬಂತೆ ಅಂಕೆಯೂ ಅಕ್ಷರವೂ ಸರದಿಯಲ್ಲಿ ಬರುತ್ತಿದ್ದವು. ಎಷ್ಟು ಮಟ್ಟದವರೆಗಿನ ಹೇಳಿಕೆಗಳು ಕಾಣಬೇಕು, ಒಂದೊಂದರಲ್ಲಿಯೂ ಎಷ್ಟು ಸಾಲು ಕಾಣಬೇಕು ಎಂಬುದನ್ನು ಓದುವವನು ಕೆಲವು ಅಕ್ಷರಗಳ ಆಜ್ಞೆಯಿಂದ ತಿಳಿಸಬಹುದಾಗಿತ್ತು. ಮೊದಲ ಮಟ್ಟ, ಮೊದಲ ಸಾಲು ಎಂದು ಆಜ್ಞಾಪಿಸಿದರೆ ನೂರು ಪುಟಗಳ ವರದಿಯಾದರೂ ವಿಷಯಸೂಚಿಕೆಯಂತೆ ಕುಗ್ಗಿ ನಿಲ್ಲುತ್ತಿತ್ತು.

೧೯೬೮ನೆಯ ಇಸವಿ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಗಣಕಸಮ್ಮೇಳನವೊಂದರಲ್ಲಿ ಎಂಗೆಲ್‌ಬಾರ್ಟ್ ಇದನ್ನು ಸುಮಾರು ಸಾವಿರ ಮಂದಿ ತಜ್ಞರ ಮುಂದೆ ಪ್ರದರ್ಶಿಸಿದನು. ಗಣಕಯಂತ್ರವು ಸುಮಾರು ಮೂವತ್ತು ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿತ್ತು. ತೊಂಬತ್ತು ನಿಮಿಷಗಳ ಆ ಪ್ರದರ್ಶನವನ್ನು ಜನ ಇಂದು ಸ್ಮರಿಸುವುದು ಮೌಸ್ ಎಂಬ ಕೈಸಾಧನಕ್ಕಾಗಿ. ಆದರೆ ಪ್ರಾರಂಭದಲ್ಲಿಯೇ ಆತ ತೋರಿಸಿದ್ದು ಮನೆಗೆ ತರಬೇಕಾದ ಸಾಮಾನುಗಳ ಒಂದು ಪಟ್ಟಿಯನ್ನು. ಗೊತ್ತುಗುರಿಯಿಲ್ಲದೆ ಬರೆದಿದ್ದ ಆ ಪಟ್ಟಿಯನ್ನು ವರ್ಗಗಳಾಗಿ ವಿಂಗಡಿಸಿ, ವರ್ಗದ ಹೆಸರು ಮಾತ್ರ ಕಾಣುವಂತೆ ಮುಚ್ಚಿ, ಮತ್ತೆ ಬಿಚ್ಚಿ ತೋರಿಸಿದನು. ಹೆಂಡತಿ ಹೇಳಿದ ಸಾಮಾನಿನ ಚೀಟಿಯಂತಹ ಸಾಮಾನ್ಯ ವಸ್ತುವಿನಿಂದ ಮೊದಲುಮಾಡಿದ್ದರಲ್ಲಿ ಔಚಿತ್ಯವಿದೆ: ವರ್ಗೀಕರಣವೆಂಬುದು ಪಂಡಿತರ ಸೊತ್ತಲ್ಲ, ನಾಲ್ಕು ಸಾಮಾನು ತರುವವನಿಗೂ ಬೇಕಾದದ್ದು.

ನಮ್ಮ ಮೂರು ಪ್ರಶ್ನೆಗಳಿಗೆ ಎನ್.ಎಲ್.ಎಸ್. ಕೊಡುವ ಉತ್ತರವೇನು? ಮಡಿಕೆಯ ಜಾಗವನ್ನು ನಿಶ್ಚಯಿಸಿದವನು ಬರೆದವನೇ; ಎಷ್ಟು ಕಾಣಬೇಕೆಂಬುದನ್ನು ನಿಶ್ಚಯಿಸಿದವನು ಓದುವವನು. ಈ ಅಧಿಕಾರವಿಭಜನೆ ಶ್ಲಾಘ್ಯವಾದದ್ದು. ಎರಡನೆಯ ಪ್ರಶ್ನೆಯಲ್ಲಿ ಮಾತ್ರ ದೌರ್ಬಲ್ಯವಿತ್ತು. ಮೇಲುಕೀಳಿನ ಸಂಬಂಧವೆಲ್ಲವೂ ಆ ವ್ಯವಸ್ಥೆಯ ಸ್ವಂತ ರೂಪದಲ್ಲಿ ದಾಖಲಾಗಿತ್ತಾದ್ದರಿಂದ ಬರಹವು ತನ್ನ ಅಂಗಾಂಗಗಳೊಡನೆ ಇರಬೇಕಾದರೆ ಎನ್.ಎಲ್.ಎಸ್. ಇರಬೇಕಾಗಿತ್ತು. ೧೯೭೭ರಲ್ಲಿ ಅದು ಟೈಮ್‌ಷೇರ್ ಎಂಬ ಕಂಪನಿಗೆ ಮಾರಾಟವಾಗಿ ‘ಆಗ್ಮೆಂಟ್’ ಎಂಬ ಹೆಸರು ಪಡೆಯಿತು. ೧೯೮೪ರಲ್ಲಿ ಆ ಕಂಪನಿಯೇ ವಿಮಾನ ತಯಾರಿಸುವ ಮ್ಯಾಕ್‌ಡೊನೆಲ್ ಡಗ್ಲಾಸ್ ಸಂಸ್ಥೆಯ ವಶವಾಯಿತು. ಎಂಗೆಲ್‌ಬಾರ್ಟ್ ೨೦೧೩ರವರೆಗೆ ಬದುಕಿದ್ದು ತನ್ನ ಕಲ್ಪನೆಗಳು ಒಂದೊಂದಾಗಿ ಬೇರೆಯವರ ಯಂತ್ರಗಳಲ್ಲಿ ಕಾಣಿಸಿಕೊಂಡುದನ್ನು ನೋಡಿದನು. ಅಖಂಡವಾಗಿ ಆ ವ್ಯವಸ್ಥೆ ಜನಬಳಕೆಗೆ ಬರಲೇ ಇಲ್ಲ.

೩

ತರುವಾಯದ ಇತಿಹಾಸವು ಎರಡು ಕವಲುಗಳಾಗಿ ಹರಿಯಿತು. ಒಂದು, ಗಣಕದ ಕ್ರಮವಿಧಿಗಳನ್ನು ಬರೆಯುವವರ ಮಡಿಕೆ. ಇನ್ನೊಂದು, ವರದಿ ಪ್ರಬಂಧಗಳನ್ನು ಬರೆಯುವವರ ರೂಪರೇಖೆ.

ಮೊದಲನೆಯ ಕವಲಿಗೆ ಐ.ಬಿ.ಎಂ. ಕಂಪನಿಯ ದೊಡ್ಡ ಗಣಕಗಳಲ್ಲಿದ್ದ ಐ.ಎಸ್.ಪಿ.ಎಫ್. ಎಡಿಟರ್ ಒಳ್ಳೆಯ ನಿದರ್ಶನ. ಅದರಲ್ಲಿ ಬೇಡವಾದ ಸಾಲುಗಳ ಅಂಚಿನಲ್ಲಿ ಎಕ್ಸ್ ಎಂಬ ಅಕ್ಷರ ಹಾಕಿದರೆ ಅವು ಮರೆಯಾಗಿ, ಅವುಗಳ ಬದಲು ಅಡ್ಡಗೆರೆಗಳ ಒಂದು ಸಾಲು ನಿಂತು, ಇಲ್ಲಿ ಇಷ್ಟು ಸಾಲುಗಳನ್ನು ತೋರಿಸಿಲ್ಲವೆಂದು ಸಂಖ್ಯೆಸಹಿತ ತಿಳಿಸುತ್ತದೆ. ಮೂರನೆಯ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಬೇರೆ ಬೇಕಿಲ್ಲ. ಆದರೆ ಇಲ್ಲಿ ಮಡಿಕೆಗೆ ಬಾಳಿಕೆಯಿಲ್ಲ. ಕೆಲಸಕ್ಕಾಗಿ ಆ ಹೊತ್ತಿಗೆ ಮುಚ್ಚಿದ್ದು, ಬರಹದ ಅಂಗವಿನ್ಯಾಸವನ್ನು ಕುರಿತು ಅದು ಏನನ್ನೂ ಹೇಳುವುದಿಲ್ಲ. ೧೯೮೦ರ ದಶಕದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಇನ್ಮಾಸ್ ಕಂಪನಿಯು ತನ್ನ ಟ್ರಾನ್ಸ್‌ಪ್ಯೂಟರ್ ಎಂಬ ಸಂಸ್ಕಾರಕಕ್ಕಾಗಿ, ಅದರ ಆಕ್ಕಮ್ ಎಂಬ ಭಾಷೆಯಲ್ಲಿ ಬರೆಯುವವರಿಗೆ, ಮಡಿಕೆಯೇ ಪ್ರಧಾನವಾದ ಎಡಿಟರೊಂದನ್ನು ಒದಗಿಸಿತು. ಮುಚ್ಚಿದ ಮಡಿಕೆ ಮೂರು ಚುಕ್ಕೆಗಳಿಂದಲೂ ಬಿಚ್ಚಿದ ಮಡಿಕೆ ಮೂರು ಮೂರು ಪುಷ್ಪಾವರಣ ಚಿಹ್ನೆಗಳಿಂದಲೂ ಗುರುತಾಗುತ್ತಿತ್ತು.

ಎರಡನೆಯ ಕವಲಿನ ಪ್ರಮುಖನು ಡೇವ್ ವೈನರ್. ಈತನ ಲಿವಿಂಗ್ ವಿಡಿಯೊಟೆಕ್ಸ್ಟ್ ಕಂಪನಿಯು ೧೯೮೩ರಲ್ಲಿ ಆಪಲ್ ಗಣಕಕ್ಕಾಗಿ ‘ಥಿಂಕ್‌ಟ್ಯಾಂಕ್’ ಎಂಬ ತಂತ್ರಾಂಶವನ್ನು ಹೊರತಂದು ಅದನ್ನು ವಿಚಾರಗಳ ಸಂಸ್ಕಾರಕವೆಂದು ಕರೆದುಕೊಂಡಿತು. ಪದಗಳನ್ನು ಅಂದವಾಗಿ ಜೋಡಿಸುವ ತಂತ್ರಾಂಶಗಳು ಆಗಲೇ ಇದ್ದವು. ಬರೆಯುವ ಮುನ್ನ ವಿಚಾರಗಳನ್ನೇ ಜೋಡಿಸಿ, ಕೆದರಿ, ಮತ್ತೆ ಜೋಡಿಸಲು ಒಂದು ಸಾಧನ ಬೇಕೆಂಬುದು ಅದರ ಪ್ರತಿಜ್ಞೆ. ೧೯೮೬ರಲ್ಲಿ ಮ್ಯಾಕಿಂಟಾಷ್ ಗಣಕಕ್ಕಾಗಿ ಬಂದ ‘ಮೋರ್’ ಎಂಬುದು ಅದೇ ರೂಪರೇಖೆಯನ್ನು ಭಾಷಣದ ಫಲಕಗಳನ್ನಾಗಿಯೂ ವೃಕ್ಷಚಿತ್ರವನ್ನಾಗಿಯೂ ಪರಿವರ್ತಿಸಿ ತೋರಿಸುತ್ತಿತ್ತು. ಬಹುಮಂದಿ ಅದನ್ನು ನಿತ್ಯದ ಸಂಗಾತಿಯನ್ನಾಗಿ ಮಾಡಿಕೊಂಡರು. ಆದರೆ ೧೯೮೭ರಲ್ಲಿ ವೈನರನ ಕಂಪನಿಯು ಸಿಮ್ಯಾಂಟೆಕ್ ಕಂಪನಿಯಲ್ಲಿ ವಿಲೀನವಾಯಿತು. ಕೆಲವು ವರ್ಷಗಳ ತರುವಾಯ ಆ ತಂತ್ರಾಂಶದ ಬೆಳವಣಿಗೆ ನಿಂತಿತು. ಮ್ಯಾಕಿಂಟಾಷ್ ಗಣಕದ ಸಂಸ್ಕಾರಕವೂ ಮೂಲವ್ಯವಸ್ಥೆಯೂ ಅಂದಿನಿಂದ ಹಲವು ಬಾರಿ ಬದಲಾಗಿರುವುದರಿಂದ ಇಂದಿನ ಯಂತ್ರದಲ್ಲಿ ‘ಮೋರ್’ ನೇರವಾಗಿ ನಡೆಯಲಾರದು. ಅದರಲ್ಲಿ ವರ್ಷಗಟ್ಟಲೆ ಬರೆದಿಟ್ಟವರು ತಮ್ಮ ಬರಹವನ್ನು ಕಾಲಕಾಲಕ್ಕೆ ಬೇರೆ ರೂಪಕ್ಕೆ ಇಳಿಸಿಕೊಳ್ಳದೆ ಹೋಗಿದ್ದರೆ ಬೀಗವಿದ್ದು ಕೀಲಿಕೈ ಕಳೆದುಹೋದ ಪೆಟ್ಟಿಗೆಯ ಒಡೆಯರಾದರು. ಎನ್.ಎಲ್.ಎಸ್.ಗೆ ಒದಗಿದ ಗತಿಯೇ ತರುವಾಯ ಇದಕ್ಕೂ ಒದಗಿತು. ವೈನರನೇ ೨೦೦೦ದಲ್ಲಿ ಒ.ಪಿ.ಎಂ.ಎಲ್. ಎಂಬ ರೂಪವನ್ನು ಪ್ರಕಟಿಸಿ, ಒಂದು ತಂತ್ರಾಂಶದ ರೂಪರೇಖೆಯನ್ನು ಇನ್ನೊಂದು ಓದುವಂತೆ ಮಾಡಿದ್ದು ಇಲ್ಲಿ ಗಮನಾರ್ಹ.

೪

ಬರಹದ ಅಂಗವಿನ್ಯಾಸವನ್ನು ಬರಹದೊಳಗೇ, ಕಣ್ಣಿಗೆ ಕಾಣುವ ಸಾಮಾನ್ಯ ಚಿಹ್ನೆಗಳಲ್ಲಿ ದಾಖಲಿಸುವ ಮಾರ್ಗವು ಇವೆರಡು ಕವಲುಗಳಿಗಿಂತ ದೀರ್ಘಾಯುವಾಯಿತು. ರಿಚರ್ಡ್ ಸ್ಟಾಲ್‌ಮನ್ ೧೯೮೫ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ಗ್ನೂ ಈಮ್ಯಾಕ್ಸ್ ಎಡಿಟರಿನ ಔಟ್‌ಲೈನ್ ಮೋಡ್ ಎಂಬ ವ್ಯವಸ್ಥೆಯಲ್ಲಿ ಸಾಲಿನ ಮೊದಲಲ್ಲಿ ಒಂದು ನಕ್ಷತ್ರಚಿಹ್ನೆ ಇದ್ದರೆ ಅಧ್ಯಾಯ, ಎರಡಿದ್ದರೆ ಪ್ರಕರಣ, ಮೂರಿದ್ದರೆ ಉಪಪ್ರಕರಣ. ಬೇರೆ ಗುಟ್ಟೇನೂ ಇಲ್ಲ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದ ಖಗೋಳವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್ ತನ್ನ ಟಿಪ್ಪಣಿಗಳನ್ನು ಅಡಕಮಾಡಿಕೊಳ್ಳಲು ಹೊರಟು, ೨೦೦೩ರಲ್ಲಿ ಇದೇ ತಳಹದಿಯ ಮೇಲೆ ‘ಆರ್ಗ್’ ಎಂಬ ವ್ಯವಸ್ಥೆಯನ್ನು ಕಟ್ಟಿದನು. ಅದರಲ್ಲಿ ಟ್ಯಾಬ್ ಕೀಲಿಯನ್ನು ಒಮ್ಮೆ ಒತ್ತಿದರೆ ಉಪಶೀರ್ಷಿಕೆಗಳು, ಮತ್ತೊಮ್ಮೆ ಒತ್ತಿದರೆ ಒಳಗಿನದೆಲ್ಲವೂ ಕಾಣುತ್ತವೆ. ಮೂರನೆಯ ಬಾರಿಗೆ ಎಲ್ಲವೂ ಮುಚ್ಚಿಕೊಳ್ಳುತ್ತವೆ. ನೆನಪಿಡಬೇಕಾದ ಆಜ್ಞೆ ಒಂದೇ ಆದುದರಿಂದ ಮಡಿಕೆಯು ಪರಿಣತರ ಚಮತ್ಕಾರವಾಗಿ ಉಳಿಯದೆ ಓದಿನ ಅಭ್ಯಾಸವಾಯಿತು.

ನೆದರ್ಲೆಂಡ್ಸಿನವನೇ ಆದ ಬ್ರಾಮ್ ಮೋಲೆನಾರ್ ೧೯೯೧ರಲ್ಲಿ ಹೊರತಂದ ವಿಮ್ ಎಂಬ ಎಡಿಟರಿಗೆ ೨೦೦೧ರ ಆರನೆಯ ಆವೃತ್ತಿಯಲ್ಲಿ ಮಡಿಕೆಯ ಸೌಲಭ್ಯ ಸೇರಿತು. ಎಲ್ಲಿ ಮಡಿಸಬೇಕೆಂಬುದನ್ನು ನಿಶ್ಚಯಿಸಲು ಅದರಲ್ಲಿ ಆರು ವಿಧಾನಗಳಿವೆ: ಕೈಯಿಂದ ಗುರುತಿಸುವುದು, ಸಾಲು ಎಷ್ಟು ಒಳಸರಿದಿದೆಯೆಂದು ನೋಡುವುದು, ಬರೆಯುವವನೇ ಕೊಟ್ಟ ಸೂತ್ರವನ್ನು ಅನುಸರಿಸುವುದು, ಭಾಷೆಯ ವ್ಯಾಕರಣವನ್ನು ಅನುಸರಿಸುವುದು, ಎರಡು ಪ್ರತಿಗಳ ನಡುವೆ ಬದಲಾಗದೆ ಉಳಿದುದನ್ನು ಮುಚ್ಚುವುದು, ಮೂರು ಪುಷ್ಪಾವರಣಗಳ ಚಿಹ್ನೆಯಿಂದ ಗುರುತಿಸುವುದು. ಕೊನೆಯದರಲ್ಲಿ ಇನ್ಮಾಸ್‌ನ ಎಡಿಟರಿನ ಚಿಹ್ನೆಯೇ ಮತ್ತೆ ಕಾಣುತ್ತದೆ. ಇಲ್ಲಿ ಅದನ್ನು ಬರಹದಲ್ಲಿಯೇ ಬರೆದಿಡಲಾಗುತ್ತದೆ. ಮುಚ್ಚಿದ ಮಡಿಕೆಯು ಎಷ್ಟು ಸಾಲುಗಳನ್ನು ಒಳಗೊಂಡಿದೆಯೆಂದು ವಿಮ್ ಕೂಡ ಸಂಖ್ಯೆಯಲ್ಲಿ ಹೇಳುತ್ತದೆ. ಮೋಲೆನಾರ್ ೨೦೨೩ರಲ್ಲಿ ತೀರಿಕೊಂಡನು. ಅವನ ಎಡಿಟರನ್ನು ಇತರರು ಮುಂದುವರಿಸುತ್ತಿದ್ದಾರೆ. ಒಂದು ವೇಳೆ ಯಾರೂ ಮುಂದುವರಿಸದೆ ಇದ್ದರೂ ಅದರಲ್ಲಿ ಬರೆದದ್ದಕ್ಕೆ ಹಾನಿಯಿಲ್ಲ. ಚಿಹ್ನೆಗಳು ಬರಹದಲ್ಲಿಯೇ ಇರುವುದರಿಂದ ಯಾವ ಎಡಿಟರಿನಲ್ಲಿ ತೆರೆದರೂ, ಕಾಗದದ ಮೇಲೆ ಮುದ್ರಿಸಿದರೂ, ಎಲ್ಲಿ ಏನು ಮೊದಲಾಗುತ್ತದೆಂಬುದು ಕಾಣುತ್ತದೆ. ೨೦೦೪ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಪದ್ಧತಿಯೂ ಇದೇ ಮಾರ್ಗದ್ದು. ಅಲ್ಲಿ ನಕ್ಷತ್ರದ ಸ್ಥಾನದಲ್ಲಿ ಹ್ಯಾಷ್ ಚಿಹ್ನೆ.

೫

ಮಡಿಕೆಯನ್ನು ಆಕ್ಷೇಪಿಸಿದವರೂ ಉಂಟು. ಅವರ ಆಕ್ಷೇಪಗಳಲ್ಲಿ ಎರಡು ವಿಚಾರಾರ್ಹವಾಗಿವೆ.

ಮೊದಲನೆಯದು, ಮುಚ್ಚಿದ್ದರಲ್ಲಿ ಕಸ ಸೇರುತ್ತದೆಂಬುದು. ೨೦೦೨ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಸಿ ಷಾರ್ಪ್ ಭಾಷೆಯಲ್ಲಿ ಕ್ರಮವಿಧಿಯ ಯಾವುದೇ ಭಾಗಕ್ಕೆ ಹೆಸರು ಕೊಟ್ಟು ಮುಚ್ಚಿಡುವ ಸೌಲಭ್ಯ ಒದಗಿಸಿದಾಗ, ಅಚ್ಚುಕಟ್ಟಿಲ್ಲದೆ ಬರೆದದ್ದನ್ನು ತಿದ್ದುವ ಬದಲು ಜನ ಅದರ ಮೇಲೆ ಮುಚ್ಚಳ ಹಾಕುತ್ತಾರೆಂಬ ವಾದ ಎದ್ದಿತು. ಬ್ಯಾಂಕಿನ ಲೆಕ್ಕಪತ್ರಗಳನ್ನು ಬಲ್ಲವರಿಗೆ ಈ ವಾದದ ತಿರುಳು ಬೇಗನೆ ಹೊಳೆಯುತ್ತದೆ. ಜನರಲ್ ಲೆಡ್ಜರಿನಲ್ಲಿ ಉಳಿತಾಯ ಠೇವಣಿ ಎಂಬ ಒಂದೇ ಸಾಲಿನ ಹಿಂದೆ ಸಾವಿರಾರು ಗಿರಾಕಿಗಳ ಖಾತೆಗಳು ಮಡಿಸಿಕೊಂಡಿರುತ್ತವೆ. ಆದರೂ ಆ ಸಾಲನ್ನು ನಾವು ನಂಬುವುದು, ಒಳಗಿನ ಖಾತೆಗಳ ಬಾಕಿಗಳನ್ನು ಕೂಡಿ ಮೇಲಿನ ಮೊತ್ತದೊಡನೆ ತಾಳೆ ನೋಡುವ ಪದ್ಧತಿ ಇರುವುದರಿಂದ. ಪ್ರಬಂಧದ ತಲೆಬರಹಕ್ಕೆ ಇಂತಹ ತಾಳೆಯಿಲ್ಲ. ‘ಆರ್ಥಿಕ ಕಾರಣಗಳು’ ಎಂಬ ಶೀರ್ಷಿಕೆಯ ಅಡಿಯಲ್ಲಿ ಒಂದೂ ಆರ್ಥಿಕ ಕಾರಣ ಇಲ್ಲದೆ ಹೋದರೆ ಅದನ್ನು ಯಾವ ಎಡಿಟರೂ ಎತ್ತಿ ತೋರಿಸದು. ಆದುದರಿಂದ ಮಡಿಸಿ ನೋಡುವವನು ಆಗಾಗ ಬಿಚ್ಚಿಯೂ ನೋಡತಕ್ಕದ್ದು. ರೂಪರೇಖೆ ಸುಂದರವಾಗಿದೆಯೆಂದು ಪ್ರಬಂಧವೂ ಸುಸಂಬದ್ಧವಾಗಿದೆಯೆಂದು ಭಾವಿಸತಕ್ಕದ್ದಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ರೂಪರೇಖೆಯೆಂಬುದು ಮರ, ಒಂದು ಕೊಂಬೆಯಲ್ಲಿರುವ ಎಲೆ ಇನ್ನೊಂದರಲ್ಲಿ ಇರಲಾರದು. ವಿಚಾರಗಳಾದರೋ ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಟೆಡ್ ನೆಲ್ಸನ್ ೧೯೭೪ರ ತನ್ನ ಗ್ರಂಥದಲ್ಲಿ ಇದನ್ನೇ ಬಲವಾಗಿ ಪ್ರತಿಪಾದಿಸಿ, ಎಲ್ಲವನ್ನೂ ಮೇಲುಕೀಳಿನ ಶ್ರೇಣಿಗೆ ಇಳಿಸುವುದನ್ನು ವಿರೋಧಿಸಿದನು. ಡೊನಾಲ್ಡ್ ಕ್ನೂತ್ ೧೯೮೪ರಲ್ಲಿ ವಿವರಿಸಿದ, ಕ್ರಮವಿಧಿಯನ್ನು ಸಾಹಿತ್ಯದಂತೆ ಬರೆಯುವ ಪದ್ಧತಿಗೆ ‘ವೆಬ್’, ಎಂದರೆ ಜಾಲ, ಎಂದೇ ಹೆಸರಿಟ್ಟನು. ಅಲ್ಲಿ ಸಣ್ಣ ಸಣ್ಣ ಖಂಡಗಳಿಗೆ ಹೆಸರುಂಟು. ಒಂದು ಖಂಡದಲ್ಲಿ ಇನ್ನೊಂದರ ಹೆಸರು ಮಾತ್ರ ಬಂದು, ಅದರ ವಿವರ ಲೇಖಕನು ಉಚಿತವೆಂದು ತಿಳಿದ ಕಡೆ ಬರುತ್ತದೆ. ಹೆಸರು ವಿವರವನ್ನು ಮಡಿಸಿಡುತ್ತದೆ, ಆದರೆ ಯಾವ ಒಂದೇ ಕೊಂಬೆಗೂ ಅದನ್ನು ಕಟ್ಟಿಹಾಕುವುದಿಲ್ಲ. ಎಡ್ವರ್ಡ್ ರೀಮ್ ರಚಿಸಿದ ಲಿಯೋ ಎಂಬ ಎಡಿಟರಿನಲ್ಲಿ ಒಂದೇ ಖಂಡವು ರೂಪರೇಖೆಯ ಹಲವು ಸ್ಥಾನಗಳಲ್ಲಿ ಏಕಕಾಲಕ್ಕೆ ಇರಬಲ್ಲದು. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತಾಗುತ್ತದೆ. ಇತಿಹಾಸ ಬರೆಯುವವನಿಗೆ ಇದರ ಬೆಲೆ ತಿಳಿಯುತ್ತದೆ. ಒಂದು ಶಾಸನವನ್ನು ಅರಸನ ಪ್ರಕರಣದಲ್ಲಿ ಸೇರಿಸಬೇಕೆ, ಊರಿನ ಪ್ರಕರಣದಲ್ಲಿ ಸೇರಿಸಬೇಕೆ, ದಾನದ ಪ್ರಕರಣದಲ್ಲಿ ಸೇರಿಸಬೇಕೆ ಎಂಬ ಚರ್ಚೆಗೆ ಕೊನೆಯಿಲ್ಲ. ಮೂರರಲ್ಲಿಯೂ ಅದಕ್ಕೆ ಹಕ್ಕುಂಟು.

೬

ಈ ವಿಚಾರವನ್ನು ಕನ್ನಡಕ್ಕೆ ಅನ್ವಯಿಸಿ ನೋಡುವಾಗ ಸ್ವಲ್ಪ ಕಳವಳವಾಗುತ್ತದೆ. ಹೊರನಾಡಿನ ಕನ್ನಡಿಗರು ಗಣಕಯಂತ್ರದಲ್ಲಿ ಬರೆಯತೊಡಗಿದ ಮೊದಲ ಕಾಲದಲ್ಲಿ ಲಿಪಿಯ ಸಮಸ್ಯೆಯೇ ದೊಡ್ಡದಾಗಿತ್ತು. ನುಡಿ, ಬರಹ ಮೊದಲಾದ ತಂತ್ರಾಂಶಗಳು ಆ ಸಮಸ್ಯೆಯನ್ನು ಬಿಡಿಸಿ ನಮಗೆ ಮಹೋಪಕಾರ ಮಾಡಿದವು. ಆದರೆ ಅಂದಿನ ಫಾಂಟುಗಳ ಪದ್ಧತಿಯಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂಡಿಸಲಾಗಿತ್ತು. ಆ ಫಾಂಟು ಇಲ್ಲದ ಗಣಕದಲ್ಲಿ ಅದೇ ಬರಹ ಅರ್ಥಹೀನ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ೧೯೯೧ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಸ್ವಂತ ವಿಭಾಗವಿದೆ; ಹಳೆಯ ಬರಹಗಳನ್ನು ಅದಕ್ಕೆ ಪರಿವರ್ತಿಸುವ ಸಾಧನಗಳೂ ಬಂದಿವೆ. ಅಕ್ಷರಗಳು ಹೀಗೆ ಉಳಿದುಕೊಳ್ಳುತ್ತವೆ. ಅಂಗವಿನ್ಯಾಸದ ಗತಿಯೇನು?

ನಮ್ಮಲ್ಲಿ ಹೆಚ್ಚಿನವರು ತಲೆಬರಹವನ್ನು ಗುರುತಿಸುವುದು ಅಕ್ಷರವನ್ನು ದಪ್ಪಮಾಡಿ, ನಡುವೆ ನಿಲ್ಲಿಸಿ, ಕೆಳಗೆ ಗೆರೆ ಎಳೆದು. ಕಣ್ಣಿಗೆ ಅದು ತಲೆಬರಹ. ಯಂತ್ರಕ್ಕೆ ದಪ್ಪಕ್ಷರದ ಒಂದು ಸಾಲು ಮಾತ್ರ. ಬರಹವನ್ನು ಪರಿವರ್ತಿಸಿ ಸಾದಾ ಪಠ್ಯವನ್ನು ಮಾತ್ರ ಉಳಿಸಿಕೊಂಡಾಗ ಆ ದಪ್ಪವೂ ಗೆರೆಯೂ ಉದುರಿಹೋಗಿ, ಮುನ್ನೂರು ಪುಟಗಳ ಗ್ರಂಥವು ಅಧ್ಯಾಯವಿಲ್ಲದ ಒಂದೇ ಪ್ರವಾಹವಾಗುತ್ತದೆ. ಬರೆದವರು ಇದ್ದರೆ ಮತ್ತೆ ಗುರುತಿಸಿಯಾರು. ಅವರು ತೀರಿಕೊಂಡಿದ್ದರೆ ಆ ಭಾರ ಮುಂದಿನವರ ಮೇಲೆ ಬೀಳುತ್ತದೆ. ಹೊರನಾಡಿನಲ್ಲಿ ಆ ಮುಂದಿನವರು ಅನೇಕ ವೇಳೆ ಕನ್ನಡವನ್ನು ಮಾತನಾಡಬಲ್ಲರು, ಓದುವಾಗ ಅಕ್ಷರ ಅಕ್ಷರವಾಗಿ ಕೂಡಿಸಿಕೊಳ್ಳುವವರು. ಅಂತಹವರ ಕೈಗೆ ಸಂಘದ ಚರಿತ್ರೆಯೋ, ಹಿರಿಯರ ಸಂಶೋಧನೆಯ ಟಿಪ್ಪಣಿಗಳೋ ಅಖಂಡ ಪ್ರವಾಹವಾಗಿ ಬಂದರೆ ಅವರು ಅದನ್ನು ಬಿಚ್ಚುವ ಧೈರ್ಯವನ್ನೇ ಮಾಡಲಾರರು. ಅದೇ ಬರಹ ಇಪ್ಪತ್ತು ತಲೆಬರಹಗಳಾಗಿ ಮಡಿಸಿಕೊಂಡು ಬಂದರೆ, ಇಪ್ಪತ್ತು ಸಾಲು ಓದಿ, ತಮಗೆ ಬೇಕಾದ ಒಂದನ್ನಾದರೂ ಬಿಚ್ಚಿಯಾರು.

ಇದಕ್ಕೆ ಪರಿಹಾರ ಕಷ್ಟಸಾಧ್ಯವಾದುದಲ್ಲ. ವರ್ಡಿನಂತಹ ತಂತ್ರಾಂಶದಲ್ಲಿ ಬರೆಯುವವರು ದಪ್ಪಕ್ಷರದ ಬದಲು ಅದರಲ್ಲಿರುವ ಹೆಡಿಂಗ್ ಎಂಬ ಶೈಲಿಗಳನ್ನೇ ಬಳಸಬಹುದು. ವಿಷಯಸೂಚಿಕೆ ತಾನಾಗಿ ಸಿದ್ಧವಾಗುತ್ತದೆ, ೨೦೧೩ರ ಆವೃತ್ತಿಯಿಂದ ಈಚೆಗೆ ಅಲ್ಲಿಯೂ ತಲೆಬರಹದ ಅಡಿಯದನ್ನು ಮಡಿಸಬಹುದು. ಸಾದಾ ಪಠ್ಯದಲ್ಲಿ ಬರೆಯುವವರು ತಲೆಬರಹದ ಮುಂದೆ ಒಂದೋ ಎರಡೋ ನಕ್ಷತ್ರ ಅಥವಾ ಹ್ಯಾಷ್ ಚಿಹ್ನೆ ಇಟ್ಟರೆ ಸಾಕು. ಚಿಹ್ನೆಗೆ ಲಿಪಿಭೇದವಿಲ್ಲವಾದ್ದರಿಂದ ಅದರ ಮುಂದಿನ ಸಾಲು ಕನ್ನಡವಾದರೂ ಮಡಿಕೆ ಸರಿಯಾಗಿಯೇ ಬೀಳುತ್ತದೆ. ಟರ್ಮಿನಲ್ ತೆರೆಗಳಲ್ಲಿ ನಮ್ಮ ಗುಣಿತಾಕ್ಷರ ಒತ್ತಕ್ಷರಗಳು ಚೆದರಿ ಕಾಣುವ ತೊಂದರೆ ಈಗಲೂ ಉಂಟು. ಕಿಟಕಿಯಲ್ಲಿ ತೆರೆಯುವ ಎಡಿಟರನ್ನು ಆರಿಸಿಕೊಂಡರೆ ಅದೂ ಬಹುಮಟ್ಟಿಗೆ ನೀಗುತ್ತದೆ. ಹಳೆಯ ಬರಹಗಳನ್ನು ಯೂನಿಕೋಡಿಗೆ ತರುವ ಕೆಲಸವನ್ನು ಕೈಗೊಂಡಿರುವ ಸಂಘಗಳು ಅಕ್ಷರಗಳೊಡನೆ ತಲೆಬರಹಗಳನ್ನೂ ಗುರುತಿಸಿ ಇಡುವುದು ಅಗತ್ಯ. ಗ್ರಂಥಕರ್ತರು ಇನ್ನೂ ನಮ್ಮ ನಡುವೆ ಇರುವಲ್ಲಿ ಈ ಕೆಲಸವನ್ನು ಅವರಿಂದಲೇ ಅಥವಾ ಅವರ ಎದುರಿನಲ್ಲಿಯೇ ಮಾಡಿಸುವುದು ಲೇಸು. ಎಲ್ಲಿ ಒಂದು ವಿಚಾರ ಮುಗಿಯಿತೆಂಬುದನ್ನು ಬರೆದವರಷ್ಟು ಖಚಿತವಾಗಿ ಬೇರೆಯವರು ಹೇಳಲಾರರು.